ಸ್ಕೂಟರಿನ ಬೆಲ್ಟು, ಆರು ರೋಲರು: ವೃತ್ತೀಯ ಚಲನೆಗೆ ಎರಡು ಅವಧಿಯ ಪಾಠ

ಒಂಬತ್ತನೇ ತರಗತಿಯ ‘ಚಲನೆ’ ಘಟಕದ ಕೊನೆಯಲ್ಲಿ ಏಕರೂಪ ವೃತ್ತೀಯ ಚಲನೆ ಬರುತ್ತದೆ. ಬೋಧನಾಭ್ಯಾಸಕ್ಕೆ ಹೋದ ಪ್ರಶಿಕ್ಷಣಾರ್ಥಿಗಳು ಅದನ್ನು ಸಾಮಾನ್ಯವಾಗಿ ಒಂದೇ ಅವಧಿಯಲ್ಲಿ ಮುಗಿಸುತ್ತಾರೆ. ದಾರದ ತುದಿಗೆ ಕಲ್ಲು ಕಟ್ಟಿ ತಿರುಗಿಸಿ ತೋರಿಸುವುದು, ಸೂತ್ರ ಬರೆಯಿಸುವುದು, ಉಪಗ್ರಹದ ವೇಗದ ಒಂದು ಲೆಕ್ಕ ಮಾಡಿಸುವುದು. ಅಷ್ಟರಲ್ಲಿ ಗಂಟೆ ಹೊಡೆಯುತ್ತದೆ. ಕ್ರಮದಲ್ಲಿ ತಪ್ಪಿಲ್ಲ. ಆದರೆ ಉಪಗ್ರಹವನ್ನು ಯಾವ ಮಗುವೂ ಮುಟ್ಟಿ ನೋಡಿಲ್ಲ, ದಾರದ ಕಲ್ಲಿನಿಂದ ಯಾರ ಮನೆಯಲ್ಲೂ ಯಾವ ಕೆಲಸವೂ ನಡೆಯುವುದಿಲ್ಲ. ಸೂತ್ರ ಪರೀಕ್ಷೆಯವರೆಗೆ ಉಳಿದು ಆಮೇಲೆ ಉದುರಿಹೋಗುತ್ತದೆ.

ನಮ್ಮ ಅಭ್ಯಾಸ ಶಾಲೆಗಳು ಹೆಚ್ಚಾಗಿ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿ ಕಡೆಯವು. ಇಲ್ಲಿನ ಮಕ್ಕಳ ಮನೆ ಮುಂದೆ ನಿಂತಿರುವ ಗಾಡಿ ಬಹುತೇಕ ಗೇರಿಲ್ಲದ ಸ್ಕೂಟರು. ಅಮ್ಮ ಕೆಲಸಕ್ಕೆ ಹೋಗುವುದು, ತಂಗಿಯನ್ನು ಶಾಲೆಗೆ ಬಿಡುವುದು, ಗ್ಯಾಸ್ ಸಿಲಿಂಡರ್ ತರುವುದು ಎಲ್ಲ ಅದರಲ್ಲೇ. ಮಾಗಡಿ ರಸ್ತೆ, ಕಾಮಾಕ್ಷಿಪಾಳ್ಯ, ಸುಂಕದಕಟ್ಟೆಯ ಉದ್ದಕ್ಕೂ ದ್ವಿಚಕ್ರ ವಾಹನದ ಗ್ಯಾರೇಜುಗಳಿವೆ. ಪ್ರತಿ ತರಗತಿಯಲ್ಲೂ ಅಪ್ಪನೋ ಮಾಮನೋ ಅಂಥ ಕೆಲಸದಲ್ಲಿರುವ ನಾಲ್ಕೈದು ಮಕ್ಕಳು ಸಿಗುತ್ತಾರೆ. ಈ ಸ್ಕೂಟರಿನ ಎಡಮಗ್ಗುಲ ಕಪ್ಪು ಮುಚ್ಚಳದೊಳಗೆ ವೃತ್ತೀಯ ಚಲನೆಯ ಪಾಠ ಪೂರ್ತಿಯಾಗಿ ಕುಳಿತಿದೆ. ಅದನ್ನು ಎರಡು ಅವಧಿಯಲ್ಲಿ ಹೇಗೆ ಬಿಚ್ಚಬಹುದು ಎಂಬುದು ಈ ಲೇಖನದ ವಿಷಯ. ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು ವಿಜಯನಗರದ ಕಡೆಯ ಒಂದು ಪ್ರೌಢಶಾಲೆಯಲ್ಲಿ ಈ ಪಾಠ ಮಾಡಿದರು. ನಾನು ಹಿಂದಿನ ಬೆಂಚಿನಲ್ಲಿ ಕುಳಿತು ಅವಲೋಕಿಸಿದೆ.

ಶಿಕ್ಷಕರು ಮೊದಲು ತಿಳಿದಿರಬೇಕಾದದ್ದು

ಹಳೆಯ ಬಜಾಜ್ ಚೇತಕ್, ಲ್ಯಾಂಬ್ರೆಟಾಗಳಲ್ಲಿ ಎಡಗೈಯ ಹಿಡಿಯನ್ನೇ ತಿರುಗಿಸಿ ಗೇರ್ ಬದಲಿಸಬೇಕಿತ್ತು. 1984ರಲ್ಲಿ ಬಂದ ಕೈನೆಟಿಕ್ ಹೋಂಡಾದಲ್ಲಿ ಆ ಕೆಲಸ ಇಲ್ಲವಾಯಿತು. ಆಕ್ಸಲರೇಟರ್ ಕೊಟ್ಟರೆ ಹೋಗುತ್ತದೆ, ಬ್ರೇಕ್ ಹಿಡಿದರೆ ನಿಲ್ಲುತ್ತದೆ. ಬೆಲ್ಟಿನಿಂದಲೇ ಗೇರಿನ ಕೆಲಸ ಮಾಡಿಸುವ ಈ ಉಪಾಯ ಅದಕ್ಕೂ ಹಳೆಯದು. ನೆದರ್‌ಲ್ಯಾಂಡ್ಸ್‌ನ ಡಾಫ್ ಕಂಪನಿ 1958ರಲ್ಲೇ ‘ವೇರಿಯೊಮ್ಯಾಟಿಕ್’ ಎಂಬ ಹೆಸರಿನಲ್ಲಿ ಅದನ್ನು ಕಾರಿಗೆ ಹಾಕಿತ್ತು. ಈಗ ಕೋಲಾರ ಜಿಲ್ಲೆಯ ನರಸಾಪುರದ ಕಾರ್ಖಾನೆಯಿಂದ ಹೊರಬೀಳುವ ಆಕ್ಟಿವಾ ಇರಲಿ, ಟಿವಿಎಸ್‌ನ ಜುಪಿಟರ್ ಇರಲಿ, ಒಳಗಿನ ಏರ್ಪಾಡು ಅದೇ ಜಾತಿಯದು.

ಎಂಜಿನ್ನಿನ ದಂಡದ ಮೇಲೆ ಮುಂದಿನ ಪುಲ್ಲಿ ಇದೆ. ಅದು ಒಂದೇ ಗಟ್ಟಿ ಚಕ್ರವಲ್ಲ, ಎದುರುಬದುರು ಇಟ್ಟ ಎರಡು ಓರೆ ತಟ್ಟೆ. ಒಂದು ತಟ್ಟೆ ದಂಡಕ್ಕೆ ಬಿಗಿದಿದೆ, ಇನ್ನೊಂದು ದಂಡದ ಮೇಲೆ ಅತ್ತಿತ್ತ ಜಾರುತ್ತದೆ. ಎರಡರ ನಡುವೆ ಇಂಗ್ಲಿಷಿನ ‘ವಿ’ ಅಕ್ಷರದಂಥ ತೋಡು, ಅದರಲ್ಲಿ ಬೆಲ್ಟು. ಜಾರುವ ತಟ್ಟೆಯ ಬೆನ್ನಿಗೆ ಇಳಿಜಾರಾದ ಗೂಡುಗಳು, ಒಂದೊಂದು ಗೂಡಿನಲ್ಲಿ ಒಂದೊಂದು ರೋಲರ್; ಸಾಮಾನ್ಯವಾಗಿ ಆರು. ಎಂಜಿನ್ ಜೋರಾಗಿ ತಿರುಗಿದಂತೆ ರೋಲರುಗಳು ಅಂಚಿನ ಕಡೆಗೆ ಸರಿಯುತ್ತವೆ. ಅಂಚಿನಲ್ಲಿ ಜಾಗ ಕಿರಿದು, ಹಾಗಾಗಿ ಅವು ತಟ್ಟೆಯನ್ನು ಮುಂದಕ್ಕೆ ಒತ್ತುತ್ತವೆ. ತೋಡು ಕಿರಿದಾಗುತ್ತದೆ, ಬೆಲ್ಟು ಮೇಲಕ್ಕೆ ಹತ್ತುತ್ತದೆ. ಅಂದರೆ ಪುಲ್ಲಿಯ ವ್ಯಾಸ ದೊಡ್ಡದಾದಂತೆ.

ಬೆಲ್ಟಿನ ಉದ್ದ ಮಾತ್ರ ಬದಲಾಗುವುದಿಲ್ಲ. ಮುಂದೆ ಹತ್ತಿದಷ್ಟು ಅದು ಹಿಂದೆ ಇಳಿಯಲೇಬೇಕು. ಹಿಂದಿನ ಪುಲ್ಲಿಯೂ ಎರಡು ತಟ್ಟೆಯದೇ. ಅದನ್ನು ಒಂದು ದೊಡ್ಡ ಸ್ಪ್ರಿಂಗ್ ಮುಚ್ಚಿ ಹಿಡಿದಿರುತ್ತದೆ. ಬೆಲ್ಟು ಎಳೆದಾಗ ಸ್ಪ್ರಿಂಗ್ ಕುಗ್ಗಿ ತಟ್ಟೆ ಬಾಯಿಬಿಡುತ್ತದೆ. ಏರು ಬಂದು ಭಾರ ಬಿದ್ದಾಗ ಹಿಂದಿನ ಪುಲ್ಲಿಯೊಳಗಿನ ಓರೆ ಸೀಳು ತಟ್ಟೆಗಳನ್ನು ಮತ್ತೆ ಮುಚ್ಚಿಸುತ್ತದೆ, ಗೇರ್ ಇಳಿಸಿದಂತೆ. ಇದರ ಪಕ್ಕದಲ್ಲೇ ಕ್ಲಚ್. ಎಂಜಿನ್ ಸುಮ್ಮನೆ ಗುರುಗುಡುವಾಗ ಅದು ಹಿಡಿಯುವುದಿಲ್ಲ. ವೇಗ ಹೆಚ್ಚಿದಾಗ ಶೂಗಳು ಹೊರಕ್ಕೆ ಅಗಲಿ ಡ್ರಮ್ಮನ್ನು ಕಚ್ಚುತ್ತವೆ. ಇಷ್ಟು ಸಾಕು. ಕ್ಲಚ್ಚಿನ ವಿವರಕ್ಕೆ ಇಳಿದರೆ ಅವಧಿ ಅಲ್ಲೇ ಮುಗಿಯುತ್ತದೆ.

ಮೊದಲ ಅವಧಿ: ಟೈರಿನಿಂದ ಬೆಲ್ಟಿಗೆ

ಹಿಂದಿನ ದಿನವೇ ಮಕ್ಕಳಿಗೆ ಒಂದು ಕೆಲಸ ಕೊಟ್ಟಿತ್ತು: ಮನೆಯ ಅಥವಾ ಪಕ್ಕದ ಮನೆಯ ಸ್ಕೂಟರಿನ ಟೈರಿನ ಮೇಲೆ ಅಚ್ಚಾದ ಸಂಖ್ಯೆಯನ್ನು ಬರೆದು ತರುವುದು. ಮುಟ್ಟುವುದು ಬೇಡ, ಗಾಡಿ ಚಾಲೂ ಮಾಡುವುದು ಬೇಡ, ಓದಿ ಬರೆದುಕೊಂಡರೆ ಸಾಕು. ಹಲವರು ತಂದದ್ದು 90/100-10. ಇದರಲ್ಲಿ 90 ಎಂದರೆ ಟೈರಿನ ಅಗಲ ಮಿಲಿಮೀಟರಿನಲ್ಲಿ. 100 ಎಂದರೆ ಟೈರಿನ ಎತ್ತರ ಅಗಲದ ಶೇಕಡಾ 100. 10 ಎಂದರೆ ರಿಮ್ಮಿನ ವ್ಯಾಸ ಅಂಗುಲದಲ್ಲಿ. ರಿಮ್ಮು 254 ಮಿಮೀ, ಮೇಲೊಂದು ಕೆಳಗೊಂದು 90, ಒಟ್ಟು ವ್ಯಾಸ 434 ಮಿಮೀ. ಪರಿಧಿ 1,363 ಮಿಮೀ. ಚಕ್ರ ಒಂದು ಸುತ್ತು ಸುತ್ತಿದರೆ ಗಾಡಿ ಸುಮಾರು 1.36 ಮೀಟರ್ ಮುಂದೆ ಹೋಗುತ್ತದೆ.

ಈ ಲೆಕ್ಕಕ್ಕೆ ಹದಿನೈದು ನಿಮಿಷ ಹೋಯಿತು. ಜಾಸ್ತಿ ಎನಿಸಬಹುದು, ಆದರೆ ಮುಂದಿನ ಎಲ್ಲದಕ್ಕೂ ಇದೇ ತಳಪಾಯ. ವಿದ್ಯಾರ್ಥಿನಿಯೊಬ್ಬಳು ಮನೆಯ ಗಾಡಿಯ ಮುಂದಿನ ಮತ್ತು ಹಿಂದಿನ ಟೈರಿನ ಸಂಖ್ಯೆ ಬೇರೆ ಬೇರೆ ಎಂದು ಬರೆದು ತಂದಿದ್ದಳು. ಯಾವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂದು ತರಗತಿಯನ್ನೇ ಕೇಳಿದ್ದು ಪ್ರಶಿಕ್ಷಣಾರ್ಥಿಯ ಒಳ್ಳೆಯ ನಡೆ. ‘ಎಂಜಿನ್ ಯಾವುದನ್ನು ತಿರುಗಿಸುತ್ತೋ ಅದು ಮಿಸ್’ ಎಂಬ ಉತ್ತರ ಹಿಂದಿನ ಸಾಲಿನಿಂದ ಬಂತು.

ಆಮೇಲೆ ಮಾದರಿ. ಅಡುಗೆಮನೆಯ ನಾಲ್ಕು ಪ್ಲಾಸ್ಟಿಕ್ ಆಲಿಕೆ, ಅವುಗಳ ಮೂತಿ ಕತ್ತರಿಸಬೇಕು. ಕಿರಿಬಾಯಿ ಎದುರುಬದುರು ಇರುವಂತೆ ಎರಡೆರಡನ್ನು ಒಂದೊಂದು ಕೋಲಿಗೆ ಪೋಣಿಸಿದರೆ ಎರಡು ಪುಲ್ಲಿ. ಹಳೆಯ ಶಾಲಾ ಬ್ಯಾಗಿನ ಭುಜದ ಪಟ್ಟಿಯನ್ನು ಕತ್ತರಿಸಿ ಉಂಗುರದಂತೆ ಹೊಲಿದರೆ ಬೆಲ್ಟು. ಪಟ್ಟಿ ಅಡ್ಡಕ್ಕೆ ಮಡಚಿಕೊಳ್ಳದಷ್ಟು ಗಡುಸಾಗಿರಬೇಕು; ಸೈಕಲ್ ಟ್ಯೂಬಿನ ತುಂಡು ಮಡಚಿಕೊಂಡು ಬಿಡುತ್ತದೆ, ಅದು ಬೇಡ. ಹಿಂದಿನ ಜೋಡಿ ಆಲಿಕೆಗಳನ್ನು ರಬ್ಬರ್ ಬ್ಯಾಂಡಿನಿಂದ ಒಂದಕ್ಕೊಂದು ಸೇರಿಸಿ ಕಟ್ಟಿದರೆ ಅದೇ ಸ್ಪ್ರಿಂಗ್. ಇಬ್ಬರು ಮಕ್ಕಳು ಕೋಲು ಹಿಡಿಯಬೇಕು, ಮೂರನೆಯವರು ಮುಂದಿನ ಆಲಿಕೆಗಳನ್ನು ಎರಡು ಕೈಯಿಂದ ಒತ್ತುತ್ತ ನಿಧಾನ ತಿರುಗಿಸಬೇಕು. ಮುಂದೆ ಬೆಲ್ಟು ಹತ್ತುತ್ತದೆ, ಹಿಂದೆ ಯಾರೂ ಮುಟ್ಟದೆಯೇ ಆಲಿಕೆಗಳು ಅಗಲುತ್ತವೆ. ‘ಯಾರೂ ಮುಟ್ಟದೆಯೇ’ ಎಂಬಲ್ಲಿ ಮಕ್ಕಳ ಕಣ್ಣು ಅರಳುತ್ತದೆ. ಎಲ್ಲ ಸಾಮಾನು ಸೇರಿ ನೂರಿನ್ನೂರು ರೂಪಾಯಿಯೊಳಗೆ ಆಗುತ್ತದೆ. ಇದಕ್ಕೆ ಸ್ಮಾರ್ಟ್ ಬೋರ್ಡಿನ ಅನಿಮೇಶನ್ ಬದಲಿಯಾಗಲಾರದು ಎಂಬುದು ನನ್ನ ಅಭಿಪ್ರಾಯ. ಅನಿಮೇಶನ್ನಿನಲ್ಲಿ ಬೆಲ್ಟು ಎಂದೂ ಬಿಗಿಯಾಗುವುದಿಲ್ಲ, ಎಂದೂ ಜಾರುವುದಿಲ್ಲ.

ಕಪ್ಪುಹಲಗೆಯ ಲೆಕ್ಕಕ್ಕೆ ಸರಳ ಸಂಖ್ಯೆ ಇಟ್ಟುಕೊಳ್ಳೋಣ. ಹೊರಡುವಾಗ ಬೆಲ್ಟು ಮುಂದೆ 40 ಮಿಮೀ ವ್ಯಾಸದಲ್ಲಿ, ಹಿಂದೆ 100 ಮಿಮೀ ವ್ಯಾಸದಲ್ಲಿ ಸುತ್ತಿದೆ. ಪೂರ್ತಿ ಹತ್ತಿದಾಗ ಮುಂದೆ 84, ಹಿಂದೆ 56. ಎರಡು ಸಲವೂ ಮೊತ್ತ 140 ಎಂಬುದನ್ನು ಮಕ್ಕಳೇ ಗಮನಿಸಲಿ. ಬೆಲ್ಟಿನ ಉದ್ದ ಬದಲಾಗದಿದ್ದರೆ ಈ ಮೊತ್ತವೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಹಿಂದಿನ ಪುಲ್ಲಿಯಿಂದ ಚಕ್ರಕ್ಕೆ ಹೋಗುವ ಹಲ್ಲಿನ ಗೇರು 9ಕ್ಕೆ 1 ಎಂದಿಟ್ಟುಕೊಂಡರೆ, ಎಂಜಿನ್ ನಿಮಿಷಕ್ಕೆ 6,000 ಸುತ್ತು ತಿರುಗುವಾಗ ಮೊದಲ ಸ್ಥಿತಿಯಲ್ಲಿ ಹಿಂದಿನ ಪುಲ್ಲಿ 2,400, ಚಕ್ರ ಸುಮಾರು 267 ಸುತ್ತು. ಗಾಡಿಯ ವೇಗ ಗಂಟೆಗೆ ಸುಮಾರು 22 ಕಿಮೀ. ಎರಡನೆಯ ಸ್ಥಿತಿಯಲ್ಲಿ ಪುಲ್ಲಿ 9,000, ಚಕ್ರ 1,000; ವೇಗ ಸುಮಾರು 82 ಕಿಮೀ. ಎಂಜಿನ್ನಿನ ಸುತ್ತು ಎರಡರಲ್ಲೂ ಒಂದೇ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಸ್ಕೂಟರಿನ ಹಿಂದೆ ಕುಳಿತವರೆಲ್ಲ ಕೇಳಿರುವ ಒಂದು ಸಂಗತಿ ಇದೆ: ಸಿಗ್ನಲ್ಲಿನಿಂದ ಹೊರಟಾಗ ಎಂಜಿನ್ನಿನ ಸದ್ದು ಒಮ್ಮೆ ಏರಿ ಅಲ್ಲೇ ನಿಲ್ಲುತ್ತದೆ, ಗಾಡಿ ಮಾತ್ರ ಇನ್ನೂ ವೇಗ ಹಿಡಿಯುತ್ತ ಹೋಗುತ್ತದೆ. ಗೇರಿನ ಬೈಕಿನಲ್ಲಿ ಹಾಗಲ್ಲ, ಸದ್ದು ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಇಬ್ಬರು ಹುಡುಗರು ಬಾಯಲ್ಲೇ ಎರಡು ಸದ್ದನ್ನೂ ಮಾಡಿ ತೋರಿಸಿದರು, ತರಗತಿ ನಕ್ಕಿತು. ಆ ಸದ್ದಿನ ವ್ಯತ್ಯಾಸಕ್ಕೆ ಹಲಗೆಯ ಮೇಲಿನ 22 ಮತ್ತು 82 ಉತ್ತರ ಎಂದು ತೋರಿಸಿದ ಕ್ಷಣವೇ ಮೊದಲ ಅವಧಿಯ ಫಲ. ಪಠ್ಯದ ಸೂತ್ರವನ್ನೂ ಇಲ್ಲೇ ತರಬೇಕು. ವೇಗ = 2 × ಪೈ × ತ್ರಿಜ್ಯ ÷ ಒಂದು ಸುತ್ತಿನ ಕಾಲ. ಸೆಕೆಂಡಿಗೆ 100 ಸುತ್ತು, ಒಂದು ಸುತ್ತಿಗೆ 0.01 ಸೆಕೆಂಡ್, ತ್ರಿಜ್ಯ 0.02 ಮೀಟರ್. ಬೆಲ್ಟಿನ ವೇಗ ಸೆಕೆಂಡಿಗೆ 12.56 ಮೀಟರ್. ತ್ರಿಜ್ಯ 0.042 ಆದಾಗ 26.4 ಮೀಟರ್. ಗಾಡಿ ರಸ್ತೆಯಲ್ಲಿ ಓಡುವುದಕ್ಕಿಂತ ಬೆಲ್ಟು ಮುಚ್ಚಳದೊಳಗೆ ವೇಗವಾಗಿ ಓಡುತ್ತದೆ.

ಎರಡನೆಯ ಅವಧಿ: ರೋಲರ್ ಎಷ್ಟು ಭಾರ ಇರಬೇಕು?

ಗ್ಯಾರೇಜಿನಿಂದ ಬಳಸಿ ಬಿಸಾಡಿದ ರೋಲರುಗಳನ್ನು ತರಿಸಿ ಮಕ್ಕಳ ಕೈಗೆ ಕೊಡಬೇಕು. ಹೊಸದೂ ಒಂದಿರಲಿ. ಹೊಸದು ಗುಂಡಗೆ ಉರುಳುತ್ತದೆ. ಹಳೆಯದನ್ನು ಬೆಂಚಿನ ಮೇಲೆ ಉರುಳಿಸಿದರೆ ಟಕ್ಕೆಂದು ನಿಲ್ಲುತ್ತದೆ, ಯಾಕೆಂದರೆ ಒಂದು ಮಗ್ಗುಲು ಚಪ್ಪಟೆಯಾಗಿ ಸವೆದಿರುತ್ತದೆ. ‘ಗಾಡಿ ಎಳೀತಿಲ್ಲ, ಪಿಕಪ್ ಇಲ್ಲ’ ಎಂದು ಗ್ಯಾರೇಜಿಗೆ ಬಂದವರಿಗೆ ಮೆಕ್ಯಾನಿಕ್ ಹಲವು ಸಲ ತೋರಿಸುವುದು ಇದನ್ನೇ.

ರೋಲರ್ ಹೊರಕ್ಕೆ ಸರಿಯುವುದೇಕೆ? ಮಕ್ಕಳ ಮೊದಲ ಉತ್ತರ ಜಾತ್ರೆಯಿಂದ ಬರುತ್ತದೆ. ಸರಪಳಿಯಲ್ಲಿ ಕುರ್ಚಿ ನೇತುಹಾಕಿದ ಚಕ್ರ ತಿರುಗಿದಂತೆ ಕುರ್ಚಿಗಳು ಹೊರಕ್ಕೆ ಹಾರುವುದನ್ನು ಅವರು ಕಂಡಿದ್ದಾರೆ. ‘ಹೊರಗೆ ಎಳೆಯುವ ಬಲ ಇದೆ’ ಎನ್ನುತ್ತಾರೆ. ಪ್ರಶಿಕ್ಷಣಾರ್ಥಿಗಳು ಇಲ್ಲಿ ಎರಡು ಬಗೆಯಲ್ಲಿ ಎಡವುತ್ತಾರೆ. ಕೆಲವರು ‘ಹೌದು, ಅದೇ ಕೇಂದ್ರಾಪಗಾಮಿ ಬಲ’ ಎಂದು ಮುಂದೆ ಹೋಗುತ್ತಾರೆ. ಕೆಲವರು ‘ಅಂಥ ಬಲವೇ ಇಲ್ಲ’ ಎಂದು ಮಗುವಿನ ಬಾಯಿ ಮುಚ್ಚಿಸುತ್ತಾರೆ. ಕಂಡದ್ದನ್ನು ಇಲ್ಲ ಎಂದರೆ ಮಗು ಒಪ್ಪುವುದಿಲ್ಲ, ಒಪ್ಪಬಾರದು ಕೂಡ. ನಮ್ಮ ಪ್ರಶಿಕ್ಷಣಾರ್ಥಿ ಹಿಡಿದ ದಾರಿ ಹೀಗಿತ್ತು: ರೋಲರಿಗೆ ನೇರ ಹೋಗುವುದೇ ಸ್ವಭಾವ, ಅದು ಜಡತ್ವ. ಅದನ್ನು ಸುತ್ತು ತಿರುಗಿಸಬೇಕಾದರೆ ಯಾರಾದರೂ ಒಳಮುಖವಾಗಿ ತಳ್ಳುತ್ತಲೇ ಇರಬೇಕು, ಅದು ಕೇಂದ್ರಾಭಿಮುಖ ಬಲ. ಗೂಡಿನ ಇಳಿಜಾರು ಗೋಡೆ ರೋಲರನ್ನು ಒಳಕ್ಕೆ ತಳ್ಳುತ್ತದೆ. ಮೂರನೆಯ ನಿಯಮದಂತೆ ರೋಲರ್ ಗೋಡೆಯನ್ನು ತಿರುಗಿ ತಳ್ಳುತ್ತದೆ. ಆ ತಿರುಗಿ ತಳ್ಳಿದ್ದೇ ಬೆಲ್ಟನ್ನು ಮೇಲಕ್ಕೆ ಹತ್ತಿಸುವುದು. ಚಲನೆಯ ನಿಯಮಗಳ ಘಟಕ ಇನ್ನೂ ಬಂದಿಲ್ಲದಿದ್ದರೂ ಇಷ್ಟನ್ನು ಮಾತಿನಲ್ಲಿ ಹೇಳಬಹುದು. ಮುಂದಿನ ಘಟಕಕ್ಕೆ ಬಾಗಿಲು ತೆರೆದಿಟ್ಟಂತೆ.

ಎಷ್ಟು ಬಲ? ಈ ಸೂತ್ರ ಪಿಯುಸಿಯದು, ಆದರೆ ಶಿಕ್ಷಕರು ಲೆಕ್ಕ ಮಾಡಿ ಉತ್ತರವನ್ನು ಹೇಳಬಹುದು. 10 ಗ್ರಾಂ ರೋಲರ್, ಕೇಂದ್ರದಿಂದ 4 ಸೆಂಮೀ ದೂರ, ನಿಮಿಷಕ್ಕೆ 6,000 ಸುತ್ತು: ಸುಮಾರು 158 ನ್ಯೂಟನ್. ಅಂದರೆ 16 ಕೆಜಿ ತೂಕ ಒತ್ತಿದಷ್ಟು. ಕೈಯಲ್ಲಿರುವ ಗೋಲಿಯಷ್ಟು ವಸ್ತು ಒಂದು ಅಡುಗೆ ಅನಿಲದ ಖಾಲಿ ಸಿಲಿಂಡರಿನಷ್ಟು ಒತ್ತುತ್ತದೆ ಎಂದರೆ ಚಪ್ಪಟೆಯಾದದ್ದೇಕೆಂದು ಬೇರೆ ಹೇಳಬೇಕಿಲ್ಲ. ನೆನಪಿಡಬೇಕಾದ ಸಂಬಂಧ ಎರಡು. ತೂಕ ಎರಡರಷ್ಟಾದರೆ ಬಲ ಎರಡರಷ್ಟು. ಸುತ್ತು ಎರಡರಷ್ಟಾದರೆ ಬಲ ನಾಲ್ಕರಷ್ಟು.

ಈಗ ಟ್ಯೂನಿಂಗ್. ಮಕ್ಕಳ ರೇಸಿಗೆಂದು ಹೊರದೇಶಗಳಲ್ಲಿ 50ರಿಂದ 90 ಸಿಸಿಯ ಪುಟ್ಟ ನಾಲ್ಕು ಚಕ್ರದ ಗಾಡಿಗಳಿವೆ, ಕ್ವಾಡ್ ಎನ್ನುತ್ತಾರೆ. ನಮ್ಮಲ್ಲಿ ರೆಸಾರ್ಟುಗಳಲ್ಲಿ ಮಕ್ಕಳನ್ನು ಕೂರಿಸಿ ಒಂದು ಸುತ್ತು ಹೊಡೆಸುವುದೂ ಅದರ ತಮ್ಮಂದಿರನ್ನೇ. ಅವುಗಳಲ್ಲಿ ಹಲವಕ್ಕೆ ಸ್ಕೂಟರಿನದೇ ಬೆಲ್ಟು, ರೋಲರು. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ತಾವೇ ಗಾಡಿ ಕಟ್ಟಿಕೊಂಡು ಹೋಗುವ ಬಾಹಾ ಎಸ್‌ಎಇ ಇಂಡಿಯಾ ಸ್ಪರ್ಧೆಯಲ್ಲೂ, ಅದು 2007ರಿಂದ ನಡೆಯುತ್ತಿದೆ, ಅನೇಕ ತಂಡಗಳು ಬೆಲ್ಟಿನ ವ್ಯವಸ್ಥೆಯನ್ನೇ ಹಾಕುತ್ತವೆ. ಎಲ್ಲ ಕಡೆ ಪ್ರಶ್ನೆ ಒಂದೇ. ಎಂಜಿನ್ ತನ್ನ ಪೂರ್ತಿ ಶಕ್ತಿ ಕೊಡುವುದು ಒಂದು ನಿರ್ದಿಷ್ಟ ಸುತ್ತಿನಲ್ಲಿ. ಗಾಡಿ ವೇಗ ಹಿಡಿಯುವಷ್ಟು ಹೊತ್ತೂ ಎಂಜಿನ್ ಆ ಸುತ್ತಿನಲ್ಲೇ ನಿಲ್ಲಬೇಕು, ಬೆಲ್ಟು ಮಾತ್ರ ಹತ್ತುತ್ತ ಹೋಗಬೇಕು. ರೋಲರ್ ಭಾರವಾದರೆ ಬೆಲ್ಟು ಬೇಗ ಹತ್ತಿಬಿಡುತ್ತದೆ, ಎಂಜಿನ್ ಉಸಿರು ಕಟ್ಟಿದಂತೆ ಮೊಳಗುತ್ತದೆ. ತೀರ ಹಗುರವಾದರೆ ಎಂಜಿನ್ ಅರಚುತ್ತದೆ, ಬೆಲ್ಟು ಹತ್ತುವುದೇ ಇಲ್ಲ, ಪೆಟ್ರೋಲು ಹೋಗುತ್ತದೆ.

ತರಗತಿಗೆ ಕೊಟ್ಟ ಸಮಸ್ಯೆ: ಒಂದು ಗಾಡಿಯಲ್ಲಿ 10 ಗ್ರಾಂ ರೋಲರ್ ಇವೆ. ಎಂಜಿನ್ನಿನ ಪೂರ್ಣ ಶಕ್ತಿ 7,000 ಸುತ್ತಿನಲ್ಲಿ. ಆದರೆ ಬೆಲ್ಟು ಹತ್ತುವಾಗ ಎಂಜಿನ್ 6,300ರಲ್ಲೇ ನಿಲ್ಲುತ್ತಿದೆ. ಎಷ್ಟು ಗ್ರಾಮಿನ ರೋಲರ್ ಹಾಕಬೇಕು?

ಬಹುತೇಕ ಎಲ್ಲರೂ 9 ಎಂದರು. ಸುತ್ತು ಶೇಕಡಾ 10 ಕಡಿಮೆ ಇದೆ, ತೂಕವನ್ನೂ ಶೇಕಡಾ 10 ಇಳಿಸಿದರಾಯಿತು. ಗ್ಯಾರೇಜಿನ ಮನೆಯ ಒಬ್ಬ ಹುಡುಗ ಮಾತ್ರ ತಲೆಯಾಡಿಸಿದ. ‘ಒಂಬತ್ತು ಹಾಕಿದ್ರೆ ಸಾಲಲ್ಲ ಮಿಸ್. ನಮ್ ಮಾಮ ಎಂಟು ಹಾಕ್ತಾರೆ.’ ಯಾಕೆ ಎಂದು ಕೇಳಿದರೆ ಅವನಿಗೆ ಗೊತ್ತಿಲ್ಲ. ಪ್ರಶಿಕ್ಷಣಾರ್ಥಿ ಅವನನ್ನು ಸರಿ ಎಂದೂ ಹೇಳಲಿಲ್ಲ, ತಪ್ಪೆಂದೂ ಹೇಳಲಿಲ್ಲ. 9 ಮತ್ತು 8 ಎರಡನ್ನೂ ಹಲಗೆಯ ಮೇಲೆ ಬರೆದು ‘ನೋಡೋಣ’ ಎಂದರು. ಬೆಲ್ಟನ್ನು ಹತ್ತಿಸಲು ಬೇಕಾದ ಒತ್ತುವ ಬಲ ಸ್ಪ್ರಿಂಗಿನಿಂದ ನಿರ್ಧಾರವಾದದ್ದು, ಅದು ಬದಲಾಗಿಲ್ಲ ಎಂದುಕೊಳ್ಳೋಣ. ತೂಕ × ಸುತ್ತಿನ ವರ್ಗ ಮೊದಲೂ ಆಮೇಲೂ ಒಂದೇ ಇರಬೇಕು. 6,300ನ್ನು 7,000ದಿಂದ ಭಾಗಿಸಿದರೆ 0.9, ಅದರ ವರ್ಗ 0.81, ಹೊಸ ತೂಕ 8.1 ಗ್ರಾಂ. 9 ಗ್ರಾಂ ಹಾಕಿದರೆ ಎಂಜಿನ್ ಸುಮಾರು 6,640ರವರೆಗೆ ಮಾತ್ರ ಏರುತ್ತದೆ, ಅರ್ಧ ದಾರಿಯಲ್ಲಿ ನಿಂತಂತೆ.

ಆ ಹುಡುಗ ಅದುವರೆಗಿನ ನಾಲ್ಕು ಅಭ್ಯಾಸ ಪಾಠಗಳಲ್ಲಿ ಒಮ್ಮೆಯೂ ಕೈ ಎತ್ತಿರಲಿಲ್ಲ ಎಂದು ಪ್ರಶಿಕ್ಷಣಾರ್ಥಿ ಆಮೇಲೆ ತಿಳಿಸಿದರು. ಇಂಥ ಮಕ್ಕಳ ಮುಂದೆ ಶಾಲೆ ಸಾಮಾನ್ಯವಾಗಿ ಎರಡು ಬಾಗಿಲು ಇಡುತ್ತದೆ: ಓದಿನಲ್ಲಿ ಮುಂದೆ ಬಾ, ಇಲ್ಲವಾದರೆ ಗ್ಯಾರೇಜಿಗೆ ಹೋಗು. ಮಾಮನ ಅನುಭವದ ‘ಎಂಟು’ ಹಲಗೆಯ ಮೇಲಿನ 8.1ರ ಪಕ್ಕಕ್ಕೆ ಬಂದು ಕುಳಿತಾಗ ಗ್ಯಾರೇಜಿಗೂ ವರ್ಗದ ನಿಯಮಕ್ಕೂ ನಡುವಿನ ಗೋಡೆ ಸ್ವಲ್ಪ ತೆಳುವಾಗುತ್ತದೆ. ಆದರೆ ಎಚ್ಚರ: ಅವನನ್ನು ಹೊಗಳುವ ಭರದಲ್ಲಿ ‘ಅನುಭವವೇ ಸಾಕು’ ಎಂಬ ಭಾವ ಬರಬಾರದು. ಬೇರೆ ಎಂಜಿನ್ನು, 12 ಗ್ರಾಂ ರೋಲರು, 5 ಪರ್ಸೆಂಟ್ ಕೊರತೆ ಎಂದಾಗ ಮಾಮನಿಗೂ ಪ್ರಯೋಗ ಮಾಡಿಯೇ ನೋಡಬೇಕು. ಸಂಬಂಧ ಗೊತ್ತಿದ್ದವನಿಗೆ 10.8ರ ಹತ್ತಿರದ ಸೆಟ್ಟನ್ನು ಮೊದಲೇ ಕೇಳಿ ತರಬಹುದು. ಈ ಲೆಕ್ಕವನ್ನೂ ಅದೇ ಹುಡುಗನಿಂದ ಮಾಡಿಸಬೇಕೆಂದು ನಾನು ಟಿಪ್ಪಣಿ ಪುಸ್ತಕದಲ್ಲಿ ಬರೆದೆ.

ಲೆಕ್ಕ ಮೊದಲ ಅಂದಾಜು ಮಾತ್ರ. ಗೂಡಿನ ಇಳಿಜಾರು ಎಲ್ಲ ಕಡೆ ಒಂದೇ ಇರುವುದಿಲ್ಲ, ಗ್ರೀಸಿನ ಕಲೆ ಬಿದ್ದರೆ ಬೆಲ್ಟು ಜಾರುತ್ತದೆ, ಓಡಿಸುವವರ ತೂಕ ಬದಲಾದರೆ ಹಿಂದಿನ ಪುಲ್ಲಿಯ ವರ್ತನೆ ಬದಲಾಗುತ್ತದೆ. ಪುಟ್ಟ ಕ್ವಾಡಿನಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. 30 ಕೆಜಿಯ ಮಗು ಇಳಿದು 45 ಕೆಜಿಯ ಮಗು ಹತ್ತಿದರೆ ಗಾಡಿಯ ಒಟ್ಟು ಭಾರದಲ್ಲಿ ಅದು ದೊಡ್ಡ ಪಾಲು. ಹಾಗಾಗಿ ತಿಳಿದವರು ಮೊದಲು ಬೆಲ್ಟು, ತಟ್ಟೆಗಳನ್ನು ಒರೆಸಿ ಸವೆತ ನೋಡುತ್ತಾರೆ, ಆಮೇಲೆ ರೋಲರ್ ಮಾತ್ರ ಬದಲಿಸುತ್ತಾರೆ, ಅದೇ ರಸ್ತೆಯಲ್ಲಿ ಓಡಿಸಿ ಬರೆದಿಟ್ಟುಕೊಳ್ಳುತ್ತಾರೆ, ಸ್ಪ್ರಿಂಗಿಗೆ ಕೈ ಹಾಕುವುದು ಅದರ ನಂತರ. ಒಂದು ಸಲಕ್ಕೆ ಒಂದೇ ಬದಲಾವಣೆ. ವಿಜ್ಞಾನ ಬೋಧನಾ ಪದ್ಧತಿಯ ಪಠ್ಯದಲ್ಲಿ ನಾವು ‘ಚರಾಂಶಗಳ ನಿಯಂತ್ರಣ’ ಎಂದು ಬಾಯಿಪಾಠ ಮಾಡಿಸುವುದು ಇದನ್ನೇ. ರೋಲರನ್ನೂ ಸ್ಪ್ರಿಂಗನ್ನೂ ಒಟ್ಟಿಗೆ ಬದಲಿಸಿದವನಿಗೆ ಪಿಕಪ್ ಬಂದರೂ ಯಾವುದರಿಂದ ಬಂತು ಎಂದು ತಿಳಿಯುವುದಿಲ್ಲ.

ಸಮಯ ಉಳಿದರೆ ಸವೆದ ಬೆಲ್ಟಿನ ಪ್ರಶ್ನೆ ಕೇಳಬಹುದು. ಬೆಲ್ಟಿನ ಅಗಲ 1 ಮಿಮೀ ಸವೆದಿದೆ. ತೋಡಿನ ಗೋಡೆಗಳು 14 ಡಿಗ್ರಿ ಓರೆ ಇದ್ದರೆ ಕಿರಿದಾದ ಬೆಲ್ಟು ತೋಡಿನಲ್ಲಿ 2 ಮಿಮೀ ಕೆಳಗೆ ಕೂರುತ್ತದೆ; ಗ್ರಾಫ್ ಹಾಳೆಯಲ್ಲಿ ದೊಡ್ಡದಾಗಿ ಚಿತ್ರ ಬರೆದು ಮಕ್ಕಳೇ ಅಳೆಯಬಹುದು, ತ್ರಿಕೋನಮಿತಿ ಬೇಕಿಲ್ಲ. ಪೂರ್ತಿ ಹತ್ತಿದಾಗ ಮುಂದಿನ ವ್ಯಾಸ 84ರ ಬದಲು 80, ಹಿಂದಿನದು 60. ಅದೇ 6,000 ಸುತ್ತಿನಲ್ಲಿ ವೇಗ 82ರಿಂದ ಸುಮಾರು 73ಕ್ಕೆ ಇಳಿಯುತ್ತದೆ. ಒಂದು ಮಿಲಿಮೀಟರ್ ರಬ್ಬರಿಗೆ ಒಂಬತ್ತು ಕಿಲೊಮೀಟರ್. ಹೊರಡುವಾಗಲೂ ನಷ್ಟವೇ ಏಕೆ ಎಂಬುದನ್ನು ಮನೆಗೆಲಸಕ್ಕೆ ಬಿಡಿ. ಸುಳಿವು ಹಿಂದಿನ ಪುಲ್ಲಿಯಲ್ಲಿದೆ.

ಕೇಳಲೇಬೇಕಾದ ಒಂದು ಪ್ರಶ್ನೆ

ಪಾಠ ಮುಗಿದ ಮೇಲೆ ಶಾಲೆಯ ಹಿರಿಯ ಶಿಕ್ಷಕರೊಬ್ಬರು ಕೇಳಿದರು: ‘ಈ ವಯಸ್ಸಿನ ಹುಡುಗರಿಗೆ ಗಾಡಿ ಜೋರಾಗಿ ಓಡಿಸುವ ಉಪಾಯವನ್ನೇ ಹೇಳಿಕೊಟ್ಟಂತೆ ಆಗಲಿಲ್ಲವೇ?’ ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ವೆಸ್ಟ್ ಆಫ್ ಕಾರ್ಡ್ ರಸ್ತೆಯಲ್ಲಿ ಭಾನುವಾರ ಬೆಳಗ್ಗೆ ಒಂದು ಗಂಟೆ ನಿಂತರೆ ಹೈಸ್ಕೂಲು ವಯಸ್ಸಿನ ಮೂವರು ಒಂದೇ ಸ್ಕೂಟರಿನಲ್ಲಿ ಹೋಗುವುದು ಕಣ್ಣಿಗೆ ಬೀಳುತ್ತದೆ. ಪಾಠದಲ್ಲಿ ಕಾನೂನಿಗೆ ಐದು ನಿಮಿಷ ಮೀಸಲಿಡಲೇಬೇಕು. ಗೇರಿಲ್ಲದ 50 ಸಿಸಿವರೆಗಿನ ಗಾಡಿಗೆ 16 ವರ್ಷ, ಉಳಿದದ್ದಕ್ಕೆ 18. ಮನೆ ಮುಂದಿನ ಆಕ್ಟಿವಾ 110 ಸಿಸಿ ಹತ್ತಿರದ್ದು, ಹಾಗಾಗಿ ಹದಿನೆಂಟೇ. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಗೆ ಸೇರಿದ 199ಎ ಕಲಮಿನ ಪ್ರಕಾರ ಅಪ್ರಾಪ್ತರು ಓಡಿಸಿ ಅಪರಾಧವಾದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆ, ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು. ‘ಸಿಕ್ಕಿಬಿದ್ದರೆ ಜೈಲಿಗೆ ಹೋಗುವುದು ಅಮ್ಮ’ ಎಂದಾಗ ತರಗತಿಯಲ್ಲಿ ಮೌನ. ಹೆದರಿಸುವುದಕ್ಕಿಂತ ಲೆಕ್ಕ ಚೆನ್ನಾಗಿ ಕೆಲಸ ಮಾಡುತ್ತದೆ ಎಂಬುದನ್ನೂ ಹೇಳಬೇಕು: ವೇಗ 22ರಿಂದ 82ಕ್ಕೆ ಏರುವುದೆಂದರೆ ಸುಮಾರು ನಾಲ್ಕರಷ್ಟು, ನಿಲ್ಲಿಸಲು ಬೇಕಾದ ದೂರ ಬ್ರೇಕ್ ಅಷ್ಟೇ ಹಿಡಿದರೆ ಸುಮಾರು ಹದಿನಾಲ್ಕರಷ್ಟು. ಇಲ್ಲಿಯೂ ವರ್ಗವೇ.

ಆ ಹಿರಿಯರಿಗೆ ನಾನು ಕೊಟ್ಟ ಉತ್ತರ ಇಷ್ಟು: ಮಕ್ಕಳು ಈ ಉಪಾಯವನ್ನು ನಾವು ಹೇಳದಿದ್ದರೂ ಮೊಬೈಲಿನಲ್ಲಿ ಕಲಿಯುತ್ತಾರೆ, ಅಲ್ಲಿ ದೂರದ ಲೆಕ್ಕವನ್ನೂ ಕಲಮನ್ನೂ ಯಾರೂ ಹೇಳುವುದಿಲ್ಲ. ಅವರು ಪೂರ್ತಿ ಒಪ್ಪಿದರೆಂದು ನನಗನಿಸಲಿಲ್ಲ. ಪಾಠ ಮಾಡುವವರು ಈ ಪ್ರಶ್ನೆಗೆ ತಮ್ಮದೇ ಉತ್ತರ ಸಿದ್ಧಮಾಡಿಕೊಂಡು ಮುಖ್ಯೋಪಾಧ್ಯಾಯರ ಅನುಮತಿ ಪಡೆದೇ ಹೋಗುವುದು ಮೇಲು. ನಿಜವಾದ ಗಾಡಿಯನ್ನು ಶಾಲೆಯ ಆವರಣದಲ್ಲಿ ಮುಚ್ಚಳ ತೆಗೆದು ಚಾಲೂ ಮಾಡಿ ತೋರಿಸುವುದು ಮಾತ್ರ ಖಂಡಿತ ಕೂಡದು; ಸೆಕೆಂಡಿಗೆ 26 ಮೀಟರ್ ಓಡುವ ಬೆಲ್ಟಿಗೆ ಕೈಬೆರಳು, ದುಪಟ್ಟಾ, ಟೈ ಎಲ್ಲ ಒಂದೇ. ಹಳೆಯ ಪುಲ್ಲಿ ಜೋಡಿಯನ್ನು ಗ್ಯಾರೇಜಿನಿಂದ ಎರವಲು ತಂದು ಮೇಜಿನ ಮೇಲಿಟ್ಟು ಕೈಯಿಂದ ತಿರುಗಿಸಿದರೆ ಸಾಕು.

ಮೌಲ್ಯಮಾಪನದ ಬಗ್ಗೆ

ಸೂತ್ರ ಬರೆಯಿರಿ ಎಂಬ ಪ್ರಶ್ನೆಯಿಂದ ಈ ಪಾಠವನ್ನು ಅಳೆಯಲಾಗದು. ನಾವು ಕೇಳಿದ್ದು ಮೂರೇ ಪ್ರಶ್ನೆ. ಮೈಸೂರು ರಸ್ತೆಯ ಸಿರ್ಸಿ ವೃತ್ತದ ಮೇಲ್ಸೇತುವೆ ಹತ್ತುವಾಗ ಇಬ್ಬರು ಕುಳಿತ ಸ್ಕೂಟರಿನ ಎಂಜಿನ್ ಸದ್ದು ಏರುತ್ತದೆ, ವೇಗ ಇಳಿಯುತ್ತದೆ. ಬೆಲ್ಟು ಎತ್ತ ಸರಿದಿರಬೇಕು? ಒಬ್ಬರು ಮೈಲೇಜ್ ಬೇಕೆಂದು ಭಾರದ ರೋಲರ್ ಹಾಕಿಸಿದರು. ಅವರು ನಾಯಂಡಹಳ್ಳಿಯ ದಟ್ಟಣೆಯಲ್ಲಿ ದಿನಾ ನಿಂತು ಹೊರಡುವವರು. ಅವರ ತೀರ್ಮಾನ ಸರಿಯೇ? ಮೂರನೆಯದು ಎಲೆಕ್ಟ್ರಿಕ್ ಸ್ಕೂಟರಿನದು: ಅದರಲ್ಲಿ ಕೆಲವಕ್ಕೆ ಬೆಲ್ಟು ಇದ್ದರೂ ರೋಲರೂ ಇಲ್ಲ, ಹತ್ತುವ ಪುಲ್ಲಿಯೂ ಇಲ್ಲ, ಯಾಕೆ?

ಮೊದಲ ಪ್ರಶ್ನೆಗೆ ಮುಕ್ಕಾಲು ತರಗತಿ ಕಾರಣಸಹಿತ ಉತ್ತರಿಸಿತು. ಎರಡನೆಯದಕ್ಕೆ ಬಗೆಬಗೆಯ ಉತ್ತರ ಬಂದವು, ಕಾರಣ ಕೊಟ್ಟವರಿಗೆಲ್ಲ ಅಂಕ ಕೊಡಬೇಕೆಂದು ಮೊದಲೇ ತೀರ್ಮಾನಿಸಿದ್ದೆವು. ಮೂರನೆಯದು ಕಷ್ಟ. ಮೋಟಾರು ನಿಂತಲ್ಲಿಂದಲೇ ಪೂರ್ತಿ ತಿರುಚುಬಲ ಕೊಡುತ್ತದೆ, ಅದಕ್ಕೆ ಇಂತಿಷ್ಟೇ ಸುತ್ತಿನಲ್ಲಿ ನಿಲ್ಲುವ ಹಂಗಿಲ್ಲ ಎಂಬುದಕ್ಕೆ ಹತ್ತಿರ ಬಂದವರು ಇಬ್ಬರು. ಅವರಲ್ಲಿ ಒಬ್ಬಳು ತನ್ನ ಉತ್ತರದ ಕೆಳಗೆ ಪೆನ್ಸಿಲಿನಲ್ಲಿ ಒಂದು ಸಾಲು ಸೇರಿಸಿದ್ದಳು: ‘ಹಾಗಾದರೆ ಇನ್ನು ಹತ್ತು ವರ್ಷಕ್ಕೆ ರೋಲರ್ ಬದಲಿಸುವ ಗ್ಯಾರೇಜಿನವರು ಏನು ಮಾಡುತ್ತಾರೆ ಮಿಸ್?’ ಮುಂದಿನ ಅವಧಿಯನ್ನು ಪ್ರಶಿಕ್ಷಣಾರ್ಥಿ ಆ ಪ್ರಶ್ನೆಗೇ ಬಿಟ್ಟುಕೊಟ್ಟರು.